ವಿದ್ವದ್ಗೋಷ್ಠಿಗಳ ಸ್ವರೂಪ ಮತ್ತು ಪಾಠವಾಚನದ ಅಗತ್ಯ

ಧಾರವಾಡಕ್ಕೆ ವಿದ್ವತ್ಸಭೆಗಳು ಹೊಸತಲ್ಲ. 1890ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ವಿದ್ಯಾವರ್ಧಕ ಸಂಘ, 1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆ, ಅನಂತರ ಬಂದ ಕರ್ನಾಟಕ ವಿಶ್ವವಿದ್ಯಾಲಯ ಇವುಗಳ ಆಶ್ರಯದಲ್ಲಿ ನಡೆದ ಗೋಷ್ಠಿಗಳು ಹಲವು. ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನದ 28ನೆಯ ಅಧಿವೇಶನವೂ 1976ರಲ್ಲಿ ಇಲ್ಲಿಯೇ ಸೇರಿತ್ತು. ಆದರೆ ಸಭೆಗಳ ಸಂಖ್ಯೆಗಿಂತ ಅವುಗಳ ಸ್ವರೂಪವೇ ಹೆಚ್ಚು ವಿಚಾರಾರ್ಹವಾದುದು.

ಪ್ರಾಚ್ಯವಿದ್ಯಾ ಸಮ್ಮೇಳನದ್ದು ವಿಷಯವಿಭಾಗದ ಪದ್ಧತಿ. ವೇದ, ಪ್ರಾಕೃತ ಮತ್ತು ಜೈನಧರ್ಮ, ಇತಿಹಾಸ ಮೊದಲಾಗಿ ವಿಭಾಗಗಳು, ಪ್ರತಿಯೊಂದಕ್ಕೂ ಒಬ್ಬ ಅಧ್ಯಕ್ಷರು, ಜೊತೆಗೆ ಪ್ರಬಂಧವಾಚನ. ತಜ್ಞರು ತಜ್ಞರನ್ನು ಸಂಧಿಸುವುದು ಇದರ ಗುಣ; ಪಕ್ಕದ ಕೊಠಡಿಯ ಮಾತು ಕೇಳಿಸದಿರುವುದು ದೋಷ. 2013ರಲ್ಲಿ ಆರಂಭವಾದ ಧಾರವಾಡ ಸಾಹಿತ್ಯ ಸಂಭ್ರಮ ಸಂವಾದಕ್ಕೆ ಅವಕಾಶ ಮಾಡಿಕೊಟ್ಟಿತು. ವಿಶ್ವವಿದ್ಯಾಲಯಗಳ ವಿಚಾರಸಂಕಿರಣಗಳಲ್ಲಿಯಾದರೋ ಪ್ರಬಂಧಮಂಡನೆಯೇ ಇಂದಿಗೂ ಪ್ರಧಾನ. ಉದ್ಘಾಟನೆ ತಡವಾದಷ್ಟೂ ತರುಣ ಸಂಶೋಧಕರ ಕಾಲಾವಧಿ ಕಿರಿದಾಗುತ್ತದೆ. ಮೊದಲು ಕೈಬಿಡುವುದು ಪ್ರಶ್ನೋತ್ತರವನ್ನೇ.

ಈ ಎಲ್ಲ ಬಗೆಗಳಲ್ಲಿ ಪ್ರಾಯಃ ಕಾಣದಿರುವುದು ಮೂಲಪಾಠ. ಪಂಪನ ಸೋದರ ಜಿನವಲ್ಲಭನ ಕುರ್ಕ್ಯಾಲ ಶಾಸನವನ್ನೇ ನೋಡಬಹುದು. ಕವಿವಂಶಕ್ಕೂ ಧಾರವಾಡ ಜಿಲ್ಲೆಯ ಅಣ್ಣಿಗೇರಿಗೂ ಇರುವ ನಂಟಿನ ಚರ್ಚೆಯಲ್ಲಿ ಅದರ ಹೆಸರು ಬಾರದೆ ಇರದು. ಅದು ಸಂಸ್ಕೃತ, ಕನ್ನಡ, ತೆಲುಗು ಎಂಬ ಮೂರು ಭಾಷೆಗಳಲ್ಲಿದೆ. ಪ್ರಬಂಧಕಾರರು ಅದರ ಸಾರವನ್ನು ಹೇಳಿ ಮುಗಿಸಿದರೆ ಶ್ರೋತೃಗಳು ಒಪ್ಪಬಹುದು ಅಥವಾ ಸುಮ್ಮನಿರಬಹುದು, ಪರೀಕ್ಷಿಸಲಾರರು. ಅದೇ ಶಾಸನದ ಪಡಿಯಚ್ಚನ್ನೂ ಮುದ್ರಿತ ಪಾಠವನ್ನೂ ಎಲ್ಲರ ಕೈಗಿತ್ತು, ಮೂರೂ ಭಾಷೆಗಳ ಬಲ್ಲವರನ್ನು ಒಟ್ಟಿಗೆ ಕುಳ್ಳಿರಿಸಿ, ವಿದ್ಯಾರ್ಥಿಗಳಿಂದ ಒಂದೊಂದೇ ಪಂಕ್ತಿಯನ್ನು ಓದಿಸಿದರೆ ಭಿನ್ನಾಭಿಪ್ರಾಯಕ್ಕೂ ಆಧಾರ ದೊರೆಯುತ್ತದೆ. ವಸ್ತುವಿಗೆ ಹಲವು ಮುಖಗಳುಂಟೆನ್ನುವ ಅನೇಕಾಂತವೂ ವಸ್ತು ಕಣ್ಣೆದುರಿಗಿದ್ದಾಗಲೇ ಸಾರ್ಥಕ.

ಪ್ರಬಂಧಮಂಡನೆಯನ್ನು ತೊರೆಯಬೇಕೆಂದಲ್ಲ, ಹೊಸ ಶೋಧ ಬೆಳಕಿಗೆ ಬರಲು ಅದು ಬೇಕು. ಆದರೆ ಎರಡು ದಿನಗಳ ಸಂಕಿರಣದಲ್ಲಿ ಅರ್ಧ ದಿನವಾದರೂ ಪಾಠವಾಚನಕ್ಕೆ ಮೀಸಲಾಗಬೇಕು. ಶಾಸನಲಿಪಿಯನ್ನೂ ಹಳಗನ್ನಡವನ್ನೂ ಓದಬಲ್ಲವರು ವಿರಳವಾಗುತ್ತಿದ್ದಾರೆ. ಆ ವಿದ್ಯೆ ಭಾಷಣದಿಂದ ಬರುವುದಲ್ಲ. ಬಲ್ಲವರ ಪಕ್ಕದಲ್ಲಿ ಕುಳಿತು, ತಪ್ಪಿ, ತಿದ್ದಿಸಿಕೊಂಡು ಬರುವುದು. ಈ ತಲೆಮಾರಿನಲ್ಲಿ ಕಲಿಸದಿದ್ದರೆ ಮುಂದಿನ ತಲೆಮಾರಿಗೆ ಶಾಸನಗಳು ಉಳಿದಾವು, ಓದುಗರು ಉಳಿಯರು.

ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಕೀರ್ತಿತಳಾದ ಅತ್ತಿಮಬ್ಬೆಯ ಲಕ್ಕುಂಡಿ, ಗದಗಿನ ಹಾದಿಯಲ್ಲಿ ಹುಬ್ಬಳ್ಳಿಗೆ ದೂರವೇನಲ್ಲ. ಗ್ರಂಥವನ್ನು ಕೈಗೆ ಕೊಡುವುದೇ ಶಾಸ್ತ್ರದಾನವೆಂದು ಆಕೆ ತಿಳಿದಿದ್ದಳು. ಇಂದಿನ ಗೋಷ್ಠಿಗಳಲ್ಲಿ ಅತಿಥಿಗಳ ಕೈಗೆ ಸ್ಮರಣಿಕೆ ಬರುತ್ತದೆ. ಸಭಿಕರ ಕೈಗೆ ಪಾಠವೂ ಬರಲಿ.