ಡ್ರಾಯಿಂಗ್‌ಗೆ ಏರದ ಅಳತೆಗಳು

"ಹಳೇದು ಗಟ್ಟಿ, ಹೊಸದು ಬರೀ ತಗಡು" ಅನ್ನೋ ಮಾತನ್ನು ಮಿಕ್ಸಿ, ಫ್ಯಾನು, ಬೈಕು ಎಲ್ಲದರ ಬಗ್ಗೆಯೂ ಕೇಳಿದ್ದೇವೆ. ಅಮೆರಿಕದಲ್ಲಿ ಬೇಟೆಯ ರೈಫಲ್ ಕೊಳ್ಳುವವರೂ ಹೊಸ ಬಂದೂಕುಗಳ ಬಗ್ಗೆ ಇದನ್ನೇ ಹೇಳುತ್ತಾರೆ. ಬಂದೂಕು ನಮಗೆ ಇಷ್ಟವೋ ಇಲ್ಲವೋ, ಅದು ಬೇರೆ ಮಾತು. ಆದರೆ ಅದರ ಗುಣಮಟ್ಟ ಇಳಿದದ್ದು ಹೇಗೆ ಅನ್ನೋದು ಎಂಜಿನಿಯರಿಂಗ್ ಓದುವ ನಾವೆಲ್ಲ ತಿಳಿಯಬೇಕಾದ ವಿಷಯ.

ಮಾರ್ಲಿನ್ ಕಂಪನಿಯನ್ನೇ ತಗೊಳ್ಳಿ. 1870ರಲ್ಲಿ ಜಾನ್ ಮಾರ್ಲಿನ್ ಶುರುಮಾಡಿದ ಈ ಕಂಪನಿ ಲಿವರ್ ಎಳೆದು ಗುಂಡು ತುಂಬುವ ರೈಫಲ್‌ಗಳಿಗೆ ಹೆಸರುವಾಸಿ. 2007ರ ಕೊನೆಯಲ್ಲಿ ರೆಮಿಂಗ್ಟನ್ ಅದನ್ನು ಕೊಳ್ಳುವುದಾಗಿ ಘೋಷಿಸಿತು. ಕೆಲವೇ ವರ್ಷಗಳಲ್ಲಿ ಕನೆಕ್ಟಿಕಟ್‌ನ ಹಳೇ ಕಾರ್ಖಾನೆ ಮುಚ್ಚಿತು, ಕೆಲಸ ನ್ಯೂಯಾರ್ಕ್ ರಾಜ್ಯದ ಇಲಿಯನ್‌ಗೆ ಹೋಯಿತು. ಯಂತ್ರಗಳು ಲಾರಿ ಹತ್ತಿದವು, ಬಹುತೇಕ ಕೆಲಸಗಾರರು ಹತ್ತಲಿಲ್ಲ.

ಆಮೇಲೆ ಬಂದ ರೈಫಲ್‌ಗಳ ಮೇಲೆ ದೂರುಗಳ ಸುರಿಮಳೆ. ಸೈಟ್ ಒಂದು ಕಡೆ ವಾಲಿದೆ, ಮರಕ್ಕೂ ಲೋಹಕ್ಕೂ ನಡುವೆ ಸಂದಿದೆ, ಗುಂಡು ಒಳಗೇ ಸಿಕ್ಕಿಕೊಳ್ಳುತ್ತೆ. ಕೊಂಡವರು 'ರೆಮ್ಲಿನ್' ಅಂತ ಅಡ್ಡಹೆಸರಿಟ್ಟರು. ಬ್ಯಾರೆಲ್ ಮೇಲೆ 'ಜೆಎಂ' ಮುದ್ರೆ ಇರುವ ಹಳೇ ರೈಫಲ್‌ಗಳನ್ನು ಹುಡುಕಿ ಹುಡುಕಿ, ಹೆಚ್ಚು ದುಡ್ಡು ಕೊಟ್ಟು ತಗೊಂಡರು.

ಆದದ್ದೇನು? ಆ ಯಂತ್ರಗಳು ದಶಕಗಳ ಕಾಲ ಓಡಿ ಸವೆದಿದ್ದವು. ಡ್ರಾಯಿಂಗ್‌ಗಳೂ ಹಳೆಯವು. ಯಾವ ಭಾಗವನ್ನು ಎಲ್ಲಿ ಎಷ್ಟು ಉಜ್ಜಿದರೆ ಸರಿಯಾಗಿ ಕೂರುತ್ತೆ ಅನ್ನೋದು ಹಳೇ ಕೆಲಸಗಾರರ ಕೈಗೆ ಗೊತ್ತಿತ್ತು, ಕಾಗದಕ್ಕೆ ಗೊತ್ತಿರಲಿಲ್ಲ. ಫಸ್ಟ್ ಇಯರ್ ಫಿಟ್ಟಿಂಗ್ ಲ್ಯಾಬ್ ನೆನಪಿಸಿಕೊಳ್ಳಿ. ಅಳತೆ ಎಲ್ಲಾ ಸರಿಯಿದ್ದರೂ ಎರಡು ಪೀಸ್ ಕೂರಲ್ಲ. ಸರ್ ಬಂದು ಅರದಲ್ಲಿ ನಾಲ್ಕು ಸಲ ಉಜ್ಜುತ್ತಾರೆ, ಟಕ್ ಅಂತ ಕೂರುತ್ತೆ. ಪ್ರತಿ ಭಾಗವೂ ಟಾಲರೆನ್ಸ್ ಒಳಗೇ ಇದ್ದು, ಜೋಡಿಸಿದಾಗ ಸಣ್ಣ ಸಣ್ಣ ವ್ಯತ್ಯಾಸಗಳೆಲ್ಲ ಒಂದೇ ಕಡೆ ಕೂಡಿಕೊಂಡರೆ ಆಗುವುದು ಇದೇ.

ಮಿಕ್ಸಿಯಲ್ಲಾದರೆ ಇದು ಬರೀ ಕಿರಿಕಿರಿ. ರೈಫಲ್ ಹಾಗಲ್ಲ. ಮಾರ್ಲಿನ್‌ನಲ್ಲಿ ಬಳಸುವ ಥರ್ಟಿ-ಥರ್ಟಿ ಕಾಡತೂಸಿಗೆ ಚೇಂಬರ್ ಒತ್ತಡದ ಮಿತಿ 42,000 ಪಿಎಸ್‌ಐ. ಕಾರಿನ ಟೈರಿನಲ್ಲಿ ಇರೋದು 32ರ ಆಸುಪಾಸು. ಇಷ್ಟು ಒತ್ತಡ ಬಂದೂಕು ಹಿಡಿದವನ ಕೆನ್ನೆಯ ಪಕ್ಕದಲ್ಲೇ ಹುಟ್ಟುತ್ತೆ. 2014ರಲ್ಲಿ ಇದೇ ರೆಮಿಂಗ್ಟನ್ ತನ್ನ ಮಾಡೆಲ್ 700 ಮತ್ತು ಮಾಡೆಲ್ ಸೆವೆನ್ ರೈಫಲ್‌ಗಳನ್ನು ವಾಪಸ್ ಕರೆಸಿಕೊಂಡಿತು. ಜೋಡಿಸುವಾಗ ಕೆಲವು ಟ್ರಿಗರ್‌ಗಳಿಗೆ ಅಂಟು ಹೆಚ್ಚಾಗಿ ಬಿದ್ದಿರಬಹುದು, ಅದರಿಂದ ರೈಫಲ್ ತಾನಾಗಿ ಸಿಡಿಯಬಹುದು ಅನ್ನೋದು ಕಾರಣ. 2006ರಿಂದ ತಯಾರಾದ ರೈಫಲ್‌ಗಳೂ ಅದರಲ್ಲಿ ಸೇರಿದ್ದವು. ಒಂದು ಹನಿ ಅಂಟಿನ ಲೆಕ್ಕ ಹಿಡಿಯೋಕೆ ಎಂಟು ವರ್ಷ!

ಹಾಗಂತ "ಕೈಕೆಲಸವೇ ಶ್ರೇಷ್ಠ, ಸಿಎನ್‌ಸಿ ಬಂದು ಎಲ್ಲಾ ಕೆಡ್ತು" ಅನ್ನೋರ ಜೊತೆ ನಾವಿಲ್ಲ. 2020ರಲ್ಲಿ ರೆಮಿಂಗ್ಟನ್ ದಿವಾಳಿಯಾದಾಗ ರೂಗರ್ ಕಂಪನಿ ಮಾರ್ಲಿನ್ ಅನ್ನು ಕೊಂಡಿತು. ಕೊಂಡ ಮರುದಿನವೇ ಮಾರಾಟ ಶುರುಮಾಡಲಿಲ್ಲ. ನಾರ್ತ್ ಕೆರೊಲಿನಾದ ತನ್ನ ಕಾರ್ಖಾನೆಯಲ್ಲಿ ಒಂದು ವರ್ಷ ತಯಾರಿ ಮಾಡಿ, ಆಧುನಿಕ ಯಂತ್ರಗಳನ್ನಿಟ್ಟು, 2021ರ ಡಿಸೆಂಬರ್‌ನಲ್ಲಿ ಮೊದಲ ರೈಫಲ್ ಹೊರಬಿಟ್ಟಿತು. 'ರೆಮ್ಲಿನ್' ಅಂತ ಬೈದವರೇ ಇದನ್ನು ಮೆಚ್ಚಿದರು. ಅಂದರೆ ತಪ್ಪು ಹೊಸ ಯಂತ್ರದ್ದಲ್ಲ. ಕೆಲಸಗಾರನನ್ನು ಬರೀ ಸಂಬಳದ ಖರ್ಚು ಅಂತ ಎಣಿಸಿ, ಅವನಿಗೆ ಗೊತ್ತಿದ್ದನ್ನು ಬರೆದಿಟ್ಟುಕೊಳ್ಳದೇ ಮನೆಗೆ ಕಳಿಸಿದವರದ್ದು.

ನಾಳೆ ಆ ಖರ್ಚಿನ ಪಟ್ಟಿ ನಮ್ಮ ಟೇಬಲ್ಲಿಗೇ ಬರುತ್ತೆ. ಹಳೇ ಆಪರೇಟರ್ ಇರಲಿ, ಬಿಟ್ಟುಹೋಗುವ ಪ್ರೋಗ್ರಾಮರ್ ಇರಲಿ, ಹೆಸರು ಹೊಡೆದುಹಾಕೋ ಮುಂಚೆ ಪಕ್ಕದಲ್ಲಿ ಕೂತು ಕೇಳಬೇಕು. ಈ ಅಭ್ಯಾಸ ಇಲ್ಲಿಂದಲೇ ಶುರುವಾಗಲಿ. ಮುಂದಿನ ಲ್ಯಾಬ್‌ನಲ್ಲಿ ಸರ್ ಅರ ಕೈಗೆತ್ತಿಕೊಂಡಾಗ "ಎಲ್ಲಿ ಉಜ್ಜಿದ್ರಿ, ಯಾಕೆ ಸರ್?" ಅಂತ ಕೇಳೋಣ. ಸೀನಿಯರ್ ರೆಕಾರ್ಡ್‌ನಲ್ಲಿ ಇಲ್ಲದ ಆ ಉತ್ತರ ನಮ್ಮ ರೆಕಾರ್ಡ್‌ನಲ್ಲಿ ಇರಲಿ.