ಬಣ್ಣಕ್ಕೆ ಅಂಜುವ ಗುರುಗಳು

ಕ್ಯಾಮರಾ ಹಿಡಿದು ಕಲಿಯಲು ಹೊರಟ ಹುಡುಗ ಹುಡುಗಿಯರಿಗೆ ಹಿರಿಯರಿಂದ ಸಿಗುವ ಮೊದಲ ಉಪದೇಶ: 'ಕಪ್ಪು-ಬಿಳುಪಿನಲ್ಲಿ ತೆಗಿ, ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ.' ಬೆಳಕು, ನೆರಳು, ಆಕಾರಗಳನ್ನು ಅರಿಯಲು ಅದು ಒಳ್ಳೆಯ ಅಭ್ಯಾಸವೇ, ಒಪ್ಪೋಣ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ. ಕಪ್ಪು-ಬಿಳುಪೇ ಕಲೆ, ಬಣ್ಣವೇನಿದ್ದರೂ ಮದುವೆ ಆಲ್ಬಮ್ಮಿಗೆ! ತಕರಾರು ಇರುವುದು ಇಲ್ಲಿ.

ಈ ಮಡಿವಂತಿಕೆ ನಮ್ಮಲ್ಲೇ ಹುಟ್ಟಿದ್ದೇನಲ್ಲ. ಅಮೆರಿಕದ ವಾಕರ್ ಇವಾನ್ಸ್ 1969ರಲ್ಲಿ ಬಣ್ಣದ ಛಾಯಾಗ್ರಹಣವನ್ನು ಅಸಭ್ಯವೆಂದೇ ಬರೆದಿದ್ದರು. ತಮಾಷೆಯೆಂದರೆ, 1973ರಲ್ಲಿ ಅದೇ ಇವಾನ್ಸ್ ಪೋಲರಾಯ್ಡ್ ಹಿಡಿದು ಬಣ್ಣದ ಬೆನ್ನು ಹತ್ತಿದರು. 1976ರಲ್ಲಿ ವಿಲಿಯಂ ಎಗಲ್‌ಸ್ಟನ್‌ರ ಬಣ್ಣದ ಚಿತ್ರಗಳನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಪ್ರದರ್ಶಿಸಿದಾಗ ವಿಮರ್ಶಕರು ಹರಿಹಾಯ್ದರು. ಅಲ್ಲಿ ಆ ಜಗಳ ಮುಗಿದು ದಶಕಗಳಾದವು. ಅವರು ಬಿಸಾಡಿದ ಕೋಟನ್ನು ನಾವಿನ್ನೂ ತೊಟ್ಟು ತಿರುಗುತ್ತಿದ್ದೇವೆ. ಜೈಪುರದ ರಘುಬೀರ್ ಸಿಂಗ್ (1942-1999) ಬದುಕಿಡೀ ಬಣ್ಣದಲ್ಲೇ ದುಡಿದವರು. ಭಾರತದ ನೋಟಕ್ಕೆ ಬಣ್ಣ ಸಹಜ, ಕಪ್ಪು-ಬಿಳುಪಿನ ವಿಷಾದ ಪಶ್ಚಿಮದ್ದು ಎಂಬುದು ಅವರ ವಾದ. ತುಸು ಅತಿಯಾಯಿತು ಬಿಡಿ, ವಿಷಾದಕ್ಕೆ ನಮ್ಮಲ್ಲೂ ಬರವಿಲ್ಲ. ಆದರೂ ಕಲಿಯುವವರು ಮೊದಲು ನೋಡಬೇಕಾದದ್ದು ಅವರ ಚಿತ್ರಗಳನ್ನು.

ಕೊಳೆಗೇರಿಗೆ ಹೋಗಿ ಬಂದ ಕಲಿಕೆಗಾರ ಏನು ಮಾಡುತ್ತಾನೆ? ಕಂಪ್ಯೂಟರಿನ ಮುಂದೆ ಕುಳಿತು ಬಣ್ಣ ಕೀಳುತ್ತಾನೆ. ನೀಲಿ ಪ್ಲಾಸ್ಟಿಕ್ ಕೊಡ, ಗಿಳಿಹಸಿರು ಗೋಡೆ, ಸಿನೆಮಾ ಪೋಸ್ಟರ್ ಎಲ್ಲವೂ ಅವನ ಗುರುಗಳಿಗೆ ಅಗ್ಗ. ಬಣ್ಣ ಹೋದೊಡನೆ ಬಡತನಕ್ಕೆ ಘನತೆ ಬಂತಂತೆ. ಬಂದದ್ದು ಘನತೆಯಲ್ಲ, ಮುಪ್ಪು. ಆ ಮನೆ ಇಂದಿನದೋ ಐವತ್ತು ವರ್ಷ ಹಿಂದಿನದೋ ತಿಳಿಯದು. ಕೊಡಗಳ ಸಾಲು ಯಾವುದೋ ಕಾಲದ ಚೆಂದದ ನೆನಪಾಗುತ್ತದೆ; ನಲ್ಲಿಯಲ್ಲಿ ಈ ವಾರವೂ ನೀರು ಬಂದಿಲ್ಲವೆಂಬುದು ಯಾರಿಗೂ ಹೊಳೆಯುವುದಿಲ್ಲ. ಕೂಡಿಟ್ಟ ದುಡ್ಡಿನಲ್ಲಿ ಆ ಹಸಿರನ್ನೇ ಆರಿಸಿ ಬಳಿಸಿದ ಹೆಂಗಸಿನ ಅಭಿರುಚಿಯನ್ನು ಅಳಿಸುವ ಅಧಿಕಾರ ನಮಗೆ ಕೊಟ್ಟವರು ಯಾರು?

ಹಾಗೆಂದು ಬಣ್ಣವನ್ನು ಯಂತ್ರಕ್ಕೆ ಒಪ್ಪಿಸಿ ಕೈಕಟ್ಟಿ ಕೂರುವುದೂ ಸಲ್ಲ. ಸಾಮಾನ್ಯ ಡಿಜಿಟಲ್ ಕ್ಯಾಮರಾದ ಸೆನ್ಸರಿನಲ್ಲಿ ಒಂದೊಂದು ಬಿಂದುವೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನಷ್ಟೇ ಅಳೆಯುತ್ತದೆ. ಉಳಿದೆರಡು ಅಕ್ಕಪಕ್ಕದ ಬಿಂದುಗಳನ್ನು ನೋಡಿ ಮಾಡಿದ ಊಹೆ! ಊಹೆಯಲ್ಲಿ ಪಕ್ಷಪಾತವೂ ನುಸುಳುತ್ತದೆ. ಫಿಲ್ಮಿನ ಕಾಲದಲ್ಲಿ ಲ್ಯಾಬುಗಳು ಬಣ್ಣ ಹೊಂದಿಸುತ್ತಿದ್ದುದು 'ಶರ್ಲಿ ಕಾರ್ಡ್' ಎಂಬ, ಬಿಳಿ ಹೆಣ್ಣಿನ ಚಿತ್ರವನ್ನು ಮುಂದಿಟ್ಟುಕೊಂಡು. ಕಪ್ಪು ಮೈಯವರ ಮುಖ ಮಸಿಯಾದರೆ ಕೇಳುವವರಿರಲಿಲ್ಲ. ಈಗ ಫೋನುಗಳ 'ಬ್ಯೂಟಿ' ಗುಂಡಿ ಅದೇ ಕೆಲಸವನ್ನು ತಿರುವಿ ಮಾಡುತ್ತಿದೆ, ಎಲ್ಲರಿಗೂ ಸುಣ್ಣ ಬಳಿಯುತ್ತಿದೆ.

ಕಲಿಯುವವರು ವೈಟ್ ಬ್ಯಾಲೆನ್ಸನ್ನು ಆಟೋದಿಂದ ತೆಗೆದು ಹಗಲಿನ ಬೆಳಕಿಗೆ ನಿಲ್ಲಿಸಲಿ. ಅದೇ ನೀಲಿ ಕೊಡವನ್ನು ಮುಂಜಾನೆ, ನಡುಹಗಲು, ಮುಸ್ಸಂಜೆ, ಆಮೇಲೆ ಹಳದಿ ಬಲ್ಬಿನಡಿ ತೆಗೆಯಲಿ. ಒಂದೇ ಕೊಡದಲ್ಲಿ ನಾಲ್ಕು ನೀಲಿ ಕಾಣುತ್ತವೆ. ಆಮೇಲೆ ಆ ಹಸಿರು ಗೋಡೆಯ ಮುಂದೆ ಅದರ ಒಡತಿಯ ಅನುಮತಿ ಕೇಳಿ ಒಂದು ಚಿತ್ರ ತೆಗೆಯಲಿ, ಮುಖ ಬೆಳ್ಳಗಾಗಿಸುವ ಗುಂಡಿಯನ್ನು ಮುಟ್ಟದೆ.