ಶಾಲೆಗಳ ನೀರು ಮತ್ತು ನೈರ್ಮಲ್ಯದ ವಿಷಯವಾಗಿ ಮೂರು ತಾಲ್ಲೂಕುಗಳ ಪೋಷಕರ ಮನವಿ

ಸನ್ಮಾನ್ಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳ ಸನ್ನಿಧಿಗೆ,
ಜಿಲ್ಲಾ ಪಂಚಾಯಿತಿ, ಚಿಕ್ಕಮಗಳೂರು.

ವಿಷಯ: ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ ಕುಡಿಯುವ ನೀರು, ಶೌಚಾಲಯ ಮತ್ತು ಶುಚಿತ್ವದ ಏರ್ಪಾಡನ್ನು ವರ್ಷವಿಡೀ ನಡೆಯುವಂತೆ ಮಾಡಿಕೊಡಬೇಕೆಂಬ ಪ್ರಾರ್ಥನೆ.

ಮಾನ್ಯರೇ,

ಈ ಮೂರು ತಾಲ್ಲೂಕುಗಳ ಸರ್ಕಾರಿ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುತ್ತಿರುವ ತಂದೆತಾಯಿಗಳೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಸದಸ್ಯರೂ ಆದ ನಾವು ತಮ್ಮ ಅವಗಾಹನೆಗೆ ಸವಿನಯವಾಗಿ ಬಿನ್ನವಿಸಿಕೊಳ್ಳುವುದೇನೆಂದರೆ, ಶೌಚಾಲಯಗಳನ್ನು ಕಟ್ಟಿಸಿಕೊಡಲಿಲ್ಲವೆಂಬುದು ನಮ್ಮ ದೂರಲ್ಲ. 2014ರಲ್ಲಿ ಆರಂಭವಾದ ಸ್ವಚ್ಛ ವಿದ್ಯಾಲಯ ಅಭಿಯಾನದ ಕಾಲದಲ್ಲಿಯೂ ಅದಕ್ಕೆ ಹಿಂದೆಯೂ ಮುಂದೆಯೂ ಕಟ್ಟಡಗಳು ಎದ್ದಿವೆ. ಗೋಡೆಗಳ ಮೇಲೆ ಬಾಲಕರು, ಬಾಲಕಿಯರು ಎಂಬ ಬರಹಗಳೂ ಆಗಿವೆ. ಆದರೆ ಕಟ್ಟಿದ್ದನ್ನು ಬಳಕೆಗೆ ಯೋಗ್ಯವಾಗಿ ಉಳಿಸುವ ನೀರು, ತೊಳೆಯುವ ಆಳು, ಆ ಆಳಿಗೆ ಕೊಡಬೇಕಾದ ಕೂಲಿ, ಇವು ಮೂರನ್ನೂ ಗ್ರಾಮ ಪಂಚಾಯಿತಿಯು ಶಿಕ್ಷಣ ಇಲಾಖೆಯದೆಂದೂ ಇಲಾಖೆಯು ಪಂಚಾಯಿತಿಯದೆಂದೂ ಭಾವಿಸಿಕೊಂಡಿರುವುದರಿಂದ, ಬೇಸಿಗೆ ಬಂದೊಡನೆ ಎಷ್ಟೋ ಶೌಚಾಲಯಗಳ ಬಾಗಿಲಿಗೆ ಬೀಗ ಬೀಳುತ್ತದೆ. ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಸೆಳೆಖಾನೆಯಲ್ಲಿ ಭದ್ರವಾಗಿರುತ್ತದೆ. ಉಪಾಧ್ಯಾಯರನ್ನು ನಾವು ದೂಷಿಸುವುದಿಲ್ಲ. ನೀರಿಲ್ಲದ ಶೌಚಾಲಯವನ್ನು ತೆರೆದಿಡುವುದು ಮುಚ್ಚಿಡುವುದಕ್ಕಿಂತ ಹೆಚ್ಚಿನ ಅಪಾಯವೆಂಬುದು ಅವರಿಗೂ ನಮಗೂ ತಿಳಿದ ಸಂಗತಿಯೇ.

ನಮ್ಮ ನಾಡಿನ ಸ್ವರೂಪ ತಮಗೆ ತಿಳಿಯದ್ದಲ್ಲ. ಮಲೆನಾಡಿನ ಸೆರಗು ಮುಗಿದು ಬಯಲುಸೀಮೆ ತೊಡಗುವ ಎಡೆಯಲ್ಲಿ ಈ ತಾಲ್ಲೂಕುಗಳಿವೆ. ತರೀಕೆರೆಯ ಪಶ್ಚಿಮದಲ್ಲಿ ಲಕ್ಕವಳ್ಳಿಯ ಬಳಿ ಭದ್ರೆಯ ಜಲಾಶಯ ಸಮುದ್ರದಂತೆ ಹರಡಿಕೊಂಡಿದ್ದರೆ, ಅಲ್ಲಿಂದ ಪೂರ್ವಕ್ಕೆ ಸರಿದಂತೆಲ್ಲ ಮಳೆ ಕ್ಷೀಣಿಸುತ್ತ ಯಗಟಿ, ಪಂಚನಹಳ್ಳಿ, ಸಿಂಗಟಗೆರೆಗಳ ಕಡೆ ತೆಂಗು ಅಡಿಕೆಯ ತೋಟಗಳು ಕೊಳವೆಬಾವಿಗಳ ಆಳವನ್ನು ವರ್ಷದಿಂದ ವರ್ಷಕ್ಕೆ ಹೆಚ್ಚಿಸುತ್ತ ಅಂತರ್ಜಲವನ್ನು ಬತ್ತಿಸುತ್ತವೆ. ಆ ತೋಟಗಳ ಒಡೆಯರಲ್ಲಿ ನಮ್ಮವರೂ ಉಂಟೆಂಬುದನ್ನು ಮರೆಮಾಚಲಾರೆವು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಗಿ ಬಂದ 2023ನೆಯ ಸಾಲಿನಂತಹ ವರ್ಷದಲ್ಲಿ ಊರಿನ ನೀರುಗಂಟಿಯು ಮನೆಗಳಿಗೆ ನಾಲ್ಕು ದಿನಕ್ಕೊಮ್ಮೆ ನೀರು ಬಿಡುವುದೇ ದೊಡ್ಡದಾದಾಗ, ಶಾಲೆಯ ತೊಂಬೆಯ ಸರದಿ ಎಲ್ಲರ ಸರದಿಯೂ ಮುಗಿದ ಮೇಲೆ ಬರುವುದು ಸಹಜ. ಮತ ಹಾಕುವವರ ಮನೆಗಳ ಮುಂದೆ ಮತವಿಲ್ಲದ ಮಕ್ಕಳ ಶಾಲೆ ಹಿಂದೆ ಬೀಳದಿರಬೇಕಾದರೆ ಮೇಲಿನಿಂದ ಕಟ್ಟಪ್ಪಣೆಯೇ ಬೇಕು.

ಇಲ್ಲಿ ಒಂದು ಹಳೆಯ ಮಾತನ್ನು ನೆನಪಿಸಲು ಅಪ್ಪಣೆಯಾಗಬೇಕು. ಅಮೃತಮಹಲ್ ರಾಸುಗಳಿಗಾಗಿ ಮೈಸೂರಿನ ಅರಸರು ಮೀಸಲಿಟ್ಟ ಕಾವಲುಗಳು ನಮ್ಮ ಸೀಮೆಗೆ ಚಿರಪರಿಚಿತ. ಆ ತಳಿಯ ಸಂವರ್ಧನ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿಯೇ ಇದೆ. ಆ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ, ಕಡುಬೇಸಿಗೆಯಲ್ಲಿಯೂ ನೀರು ನೆರಳು ಉಳಿಯುವ ನೆಲವನ್ನು ಆ ಋತುವಿಗೆಂದೇ ಕಾದಿರಿಸುತ್ತಿದ್ದರು. ಶಾಲೆಗಳ ವಿಷಯದಲ್ಲಿ ಇಂದಿನ ಆಡಳಿತಕ್ಕೆ ಇರುವುದು ಒಂದೇ ಋತು. ದೇಶದ ಶಾಲೆಗಳ ಸೌಲಭ್ಯಗಳನ್ನು ಎಣಿಸುವ ಯು-ಡೈಸ್ ಮಾಹಿತಿಗೆ ಬಹುಕಾಲದಿಂದ ಆಧಾರವಾಗಿರುವ ದಿನ ಸೆಪ್ಟೆಂಬರ್ 30. ಅಂದರೆ ಮುಂಗಾರು ಮುಗಿದು, ಕೆರೆಗಳಲ್ಲಿ ಅಷ್ಟಿಷ್ಟು ನೀರು ನಿಂತು, ಕೊಳವೆಬಾವಿಗಳು ಉಸಿರು ತಿರುಗಿಸಿಕೊಳ್ಳುವ ದಿನ. ಅಂದು ನಲ್ಲಿ ತಿರುಗಿಸಿದರೆ ನೀರು ಬರುತ್ತದೆ; 'ಇದೆ' ಎಂದು ಬರೆದುಕೊಳ್ಳುತ್ತಾರೆ; ಅದು ಸುಳ್ಳೂ ಅಲ್ಲ. ಪರೀಕ್ಷೆಗಳ ಮಾರ್ಚ್ ತಿಂಗಳಿನಲ್ಲಿ ಅದೇ ನಲ್ಲಿಯನ್ನು ತಿರುಗಿಸಿ ನೋಡಿದವರು ಯಾರೂ ಇಲ್ಲ. ಆದ್ದರಿಂದ ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲ ವಾರದಲ್ಲಿ, ಮಧ್ಯಾಹ್ನದ ಬಿಸಿಯೂಟದ ವೇಳೆಯಲ್ಲಿ, ಮೂರೂ ತಾಲ್ಲೂಕುಗಳ ಪ್ರತಿಯೊಂದು ಶಾಲೆಯಲ್ಲಿಯೂ ನಲ್ಲಿ, ಶೌಚಾಲಯ, ಕೈತೊಳೆಯುವ ತಾಣಗಳನ್ನು ಪ್ರತ್ಯಕ್ಷವಾಗಿ ಪರೀಕ್ಷಿಸಿ, ಅದರ ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಪ್ರಕಟಿಸಬೇಕೆಂಬುದು ನಮ್ಮ ಪ್ರಥಮವೂ ಪ್ರಧಾನವೂ ಆದ ಬೇಡಿಕೆ. ಉಳಿದುವೆಲ್ಲ ಇದರಿಂದಲೇ ಹೊರಡುವಂಥವು.

ನಾವು ಯಾಚಿಸುತ್ತಿರುವುದು ದಾಕ್ಷಿಣ್ಯವನ್ನಲ್ಲ. 2009ರ ಶಿಕ್ಷಣ ಹಕ್ಕಿನ ಅಧಿನಿಯಮದ ಅನುಸೂಚಿಯು ಬಾಲಕ ಬಾಲಕಿಯರಿಗೆ ಪ್ರತ್ಯೇಕ ಶೌಚಾಲಯವನ್ನೂ ಎಲ್ಲ ಮಕ್ಕಳಿಗೂ ಸಾಕಷ್ಟು ಸುರಕ್ಷಿತ ಕುಡಿಯುವ ನೀರನ್ನೂ ಶಾಲೆಯ ಲಕ್ಷಣಗಳಲ್ಲಿಯೇ ಎಣಿಸಿದೆ. 2012ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಇವನ್ನು ಆರು ತಿಂಗಳೊಳಗೆ ಒದಗಿಸಬೇಕೆಂದು ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು. ಲೋಕದ ಶಾಲೆಗಳಲ್ಲಿ ಐದು ಮಕ್ಕಳಲ್ಲಿ ಒಂದಕ್ಕೆ ಮೂಲಭೂತ ಕುಡಿಯುವ ನೀರಿನ ಸೌಕರ್ಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ಜಂಟಿ ವರದಿ ಹೇಳುತ್ತದೆಯಾದರೂ, ಆ ಲೆಕ್ಕದಲ್ಲಿ ಸಮಾಧಾನವನ್ನು ಹುಡುಕುವ ಮನಸ್ಸು ನಮಗಿಲ್ಲ.

ಹಣದ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಸಮಗ್ರ ಶಿಕ್ಷಣ ಯೋಜನೆಯ ಸಂಯುಕ್ತ ಅನುದಾನದ ಪ್ರಕಾರ ಮೂವತ್ತು ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ. ಅದರಲ್ಲಿ ಕನಿಷ್ಠ ಶೇಕಡ ಹತ್ತನ್ನು ಸ್ವಚ್ಛತೆಗೆ ವಿನಿಯೋಗಿಸಬೇಕೆಂಬ ನಿಯಮ. ಅಂದರೆ ವರ್ಷಕ್ಕೆ ಒಂದು ಸಾವಿರ, ತಿಂಗಳಿಗೆ ಎಂಬತ್ತಮೂರು ರೂಪಾಯಿ ಚಿಲ್ಲರೆ. ಈ ಮೊತ್ತದಲ್ಲಿ ಫಿನಾಯಿಲು, ಬ್ಲೀಚಿಂಗ್ ಪುಡಿ, ಸಾಬೂನು, ಪೊರಕೆಗಳನ್ನು ಕೊಂಡು, ಮುರಿದ ನಲ್ಲಿಯನ್ನು ಬದಲಾಯಿಸಿ, ತೊಳೆಯುವವರಿಗೆ ಕೂಲಿಯನ್ನೂ ಕೊಡುವ ವಿದ್ಯೆಯನ್ನು ಯಾವ ಮುಖ್ಯೋಪಾಧ್ಯಾಯರೂ ಕಲಿತಿಲ್ಲ. ನಮ್ಮ ತಾಂಡಾಗಳ ಮತ್ತು ಸಣ್ಣ ಹಳ್ಳಿಗಳ ಕಿರಿಯ ಪ್ರಾಥಮಿಕ ಶಾಲೆಗಳು ಬಹುಮಟ್ಟಿಗೆ ಈ ವರ್ಗದವು. ಅಲ್ಲಿ 'ಡಿ' ದರ್ಜೆಯ ನೌಕರರೂ ಇಲ್ಲ. ಹದಿನೈದನೆಯ ಹಣಕಾಸು ಆಯೋಗವು 2021-26ರ ಅವಧಿಗೆ ಪಂಚಾಯಿತಿಗಳ ಅನುದಾನದಲ್ಲಿ ಶೇಕಡ 60ನ್ನು ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಹಾಕಿದಾಗ ಅದರ ಒಂದು ಪಾಲು ಶಾಲೆಯ ಅಂಗಳಕ್ಕೂ ಹರಿಯುವುದೆಂದು ಆಶಿಸಿದ್ದೆವು. ಇನ್ನು ಮುಂದೆ ಯಾವ ಹೆಸರಿನಲ್ಲಿ ಅನುದಾನ ಬಂದರೂ, ಪ್ರತಿ ಗ್ರಾಮ ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಶಾಲಾ ನೈರ್ಮಲ್ಯದ ನಿರ್ವಹಣೆಗೆ ಪ್ರತ್ಯೇಕ ಬಾಬು ಇಲ್ಲದಿದ್ದಲ್ಲಿ ಆ ಯೋಜನೆಗೆ ಅನುಮೋದನೆ ಕೊಡಬಾರದೆಂದೂ, ನಾಲ್ಕೈದು ಶಾಲೆಗಳಿಗೆ ಒಬ್ಬರಂತೆ ಸ್ವಚ್ಛತಾ ಸಿಬ್ಬಂದಿಯನ್ನು ಕಾನೂನಿನ ಕನಿಷ್ಠ ವೇತನಕ್ಕೆ ನೇಮಿಸಿ ಕೈಗವಸು, ಬೂಟುಗಳನ್ನು ಕೊಡಿಸಬೇಕೆಂದೂ ಕೋರುತ್ತೇವೆ.

ಆಳಿಲ್ಲದ ಕಡೆ ಆ ಕೆಲಸ ಯಾರ ಪಾಲಿಗೆ ಬರುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗಿಳಿಸಿದ ವೃತ್ತಾಂತ ನಾಡಿಗೆ ನಾಡೇ ತಲೆ ತಗ್ಗಿಸುವಂತೆ ಮಾಡಿತು. ಪೊರಕೆ ಹಿಡಿಯುವ ಸರದಿಯಲ್ಲಿ ಜಾತಿಯ ನೆರಳು ಬೀಳದಂತೆ ನೋಡಿಕೊಳ್ಳುವುದು ಸುತ್ತೋಲೆಯಿಂದ ಆಗುವ ಕಾರ್ಯವಲ್ಲ. ಕೆಲಸಕ್ಕೆ ಸಂಬಳದ ಆಳಿದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ.

ನೀರಿನ ಮೂಲದ ಬಗ್ಗೆ: ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಬಳಿಯ ಸುರಂಗವನ್ನು ಹಾಯ್ದು ನಮ್ಮ ಕಣ್ಣೆದುರಿನಲ್ಲಿಯೇ ವೇದಾವತಿಯ ಕಡೆಗೆ ಹರಿಯುತ್ತದೆ. ಚಿತ್ರದುರ್ಗದ ಸೋದರರ ನೀರಿಗೆ ನಾವು ಕಣ್ಣು ಹಾಕುವವರಲ್ಲ. ಆದರೆ ಭದ್ರೆಯನ್ನೇ ಮೂಲವಾಗುಳ್ಳ ಬಹುಗ್ರಾಮ ಕುಡಿಯುವ ನೀರಿನ ಯೋಜನೆಯು ನಮ್ಮ ಹಳ್ಳಿಗಳನ್ನು ಮುಟ್ಟುವಾಗ, ಶಾಲೆಗೂ ಅಂಗನವಾಡಿಗೂ ಊರಿನ ಸಾಲಿನಿಂದ ಬೇರೆಯಾದ ಸ್ವತಂತ್ರ ಸಂಪರ್ಕವನ್ನೂ, ಎರಡು ದಿನದ ಬಳಕೆಗೆ ಸಾಲುವ ತೊಟ್ಟಿಯನ್ನೂ ಕೊಡಬೇಕು. ಅದು ಮುಟ್ಟುವವರೆಗೆ ಟ್ಯಾಂಕರ್ ನೀರಿನಲ್ಲಿ ಮೊದಲ ಪಾಲು ಶಾಲೆಯದಾಗಬೇಕು. ಆಳದ ಕೊಳವೆಬಾವಿಯ ನೀರನ್ನು ಕುಡಿಯುವ ಶಾಲೆಗಳಲ್ಲಿ ಫ್ಲೋರೈಡ್ ಪ್ರಮಾಣವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆಯೇ ಎಂಬುದನ್ನು ವರ್ಷಕ್ಕೆರಡು ಬಾರಿ ಪರೀಕ್ಷಿಸಬೇಕು. ಶಾಲೆಯ ಸೂರಿನ ಮಳೆನೀರನ್ನು ಶೌಚಾಲಯಕ್ಕೆ ಬಳಸುವುದೂ ಸಾಧ್ಯವಿದೆ.

ಹೆಣ್ಣುಮಕ್ಕಳ ಮಾತನ್ನು ಹಿರಿಯ ಅಧಿಕಾರಿಗಳ ಮುಂದೆ ಹೇಳಲು ನಮ್ಮಲ್ಲಿ ಕೆಲವರು ಸಂಕೋಚಪಟ್ಟರು, ತಾಯಂದಿರು ಬರೆಯಲೇಬೇಕೆಂದರು. ಏಳನೆಯ, ಎಂಟನೆಯ ತರಗತಿಯ ಹುಡುಗಿ ಮುಟ್ಟಾದ ದಿನಗಳಲ್ಲಿ ಮನೆಯಲ್ಲಿ ಉಳಿಯುವುದಕ್ಕೆ ಸಂಪ್ರದಾಯವೊಂದೇ ಕಾರಣವಲ್ಲ. ಚಿಲಕವಿಲ್ಲದ ಬಾಗಿಲು, ನೀರಿಲ್ಲದ ಬಕೆಟ್ಟು, ಬಳಸಿದ ಪ್ಯಾಡನ್ನು ಹಾಕಲು ಎಡೆಯಿಲ್ಲದಿರುವುದು, ಇವೂ ಕಾರಣಗಳೇ. ಬೆಳಗ್ಗೆಯಿಂದ ಸಂಜೆಯವರೆಗೆ ಶೌಚಾಲಯಕ್ಕೆ ಹೋಗಬೇಕಾದೀತೆಂದು ನೀರನ್ನೇ ಕುಡಿಯದೆ ಕೂರುವ ಮಕ್ಕಳು ಬೇರೆ. ನಡುವೆ ಕೆಲವು ವರ್ಷ ನಿಂತು ಮತ್ತೆ ಆರಂಭವಾದ ಶುಚಿ ಯೋಜನೆಯ ಪ್ಯಾಡುಗಳು ತಿಂಗಳು ತಪ್ಪದೆ ಬರಬೇಕು, ಒಳಚಿಲಕ, ಮುಚ್ಚಳದ ಬುಟ್ಟಿ ಮತ್ತು ಸುಡುವ ಏರ್ಪಾಡು ಪ್ರತಿ ಹಿರಿಯ ಪ್ರಾಥಮಿಕ ಮತ್ತು ಪ್ರೌಢಶಾಲೆಯಲ್ಲಿಯೂ ಆಗಬೇಕು. ಬಿಸಿಯೂಟಕ್ಕೆ ಮುನ್ನ ಸಾಬೂನಿನಲ್ಲಿ ಕೈತೊಳೆಯುವುದಕ್ಕೆ ಸಾಲುನಲ್ಲಿಗಳನ್ನು ಚಿಕ್ಕಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ ಹಾಕಿಸಬೇಕು.

ಕಡೂರು, ಬೀರೂರು ಮತ್ತು ತರೀಕೆರೆ ಶೈಕ್ಷಣಿಕ ವಲಯಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನೂ, ಮೂರು ತಾಲ್ಲೂಕು ಪಂಚಾಯಿತಿಗಳ ಕಾರ್ಯನಿರ್ವಹಣಾಧಿಕಾರಿಗಳನ್ನೂ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಎಂಜಿನಿಯರರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ, ಯಾವ ಕೆಲಸ ಯಾರದೆಂಬುದನ್ನು ಲಿಖಿತವಾಗಿ ಗೊತ್ತುಪಡಿಸಿ, ಅದರ ಪ್ರತಿಯನ್ನು ಪ್ರತಿ ಶಾಲಾ ಸಮಿತಿಗೂ ಒಂದು ತಿಂಗಳೊಳಗಾಗಿ ಕಳುಹಿಸಿಕೊಡಬೇಕಾಗಿ ಪ್ರಾರ್ಥಿಸುತ್ತೇವೆ. ಮಾರ್ಚ್ ತಿಂಗಳ ಪರೀಕ್ಷಣೆಗೆ ಅಧಿಕಾರಿಗಳು ಬರುವ ದಿನವನ್ನು ಮುಂಚಿತವಾಗಿ ನಮಗೆ ತಿಳಿಸಬೇಕಾಗಿಲ್ಲ, ತಿಳಿಸದಿರುವುದೇ ಲೇಸು.

ಇಂತಿ ತಮ್ಮ ವಿಧೇಯರು,
ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಶಾಲಾ ಮಕ್ಕಳ ಪೋಷಕರು

ಪ್ರತಿ: ಉಪನಿರ್ದೇಶಕರು (ಆಡಳಿತ), ಶಾಲಾ ಶಿಕ್ಷಣ ಇಲಾಖೆ, ಚಿಕ್ಕಮಗಳೂರು.